ಹುಣಸೆಹಣ್ಣು ಹಚ್ಚಬೇಡ

ಮಗಳೇ, ರೋಮನ್ ರಾಣಿಯರ ಕಂಚಿನ ನಾಣ್ಯಗಳ ಹುಚ್ಚು ಹಿಡಿಸಿಕೊಂಡಿದ್ದೀಯಂತೆ, ನಿನ್ನಮ್ಮ ಹೇಳಿದಳು. ಸಂತೋಷ. ಆದರೆ ಹುಣಸೆಹಣ್ಣು ಹಚ್ಚಿ ಬೆಳಗಲು ಮಾತ್ರ ಹೋಗಬೇಡ. ಮೇಲಿನ ಗಟ್ಟಿ ಹಸಿರು ಪದರ ಕೊಳೆಯಲ್ಲ. ಅಕ್ಷರಗಳು, ರಾಣಿಯ ಮುಡಿಯ ಎಳೆಗಳು ಉಳಿದಿರುವುದೇ ಅದರಲ್ಲಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಲೋಹಕ್ಕೆ ರೋಗ ತಗುಲಿದೆ ಎಂದು ತಿಳಿ. ಆ ನಾಣ್ಯವನ್ನು ಬೇರೆಯಾಗಿ, ತೇವ ತಾಗದಂತೆ ಇಡು.

ಮುಖದ ಚೆಲುವಿಗೇ ನಿಲ್ಲಬೇಡ, ತಿರುಗಿಸಿ ನೋಡು. ಹಿಂಬದಿಯ ದೇವತೆಯ ಕೈಯಲ್ಲಿ ತೆನೆ, ಪಂಜು ಇದ್ದರೆ ಸಿರೀಸ್. ಪಕ್ಕದಲ್ಲಿ ನವಿಲಿದ್ದರೆ ಜೂನೋ. ನಮ್ಮ ಗುಡಿಗಳಲ್ಲಿ ಆಯುಧ, ವಾಹನ ನೋಡಿ ದೇವರನ್ನು ಗುರುತಿಸುವ ಹಾಗೆಯೇ. ಆಮೇಲೆ ಅಕ್ಷರ ಓದು. ಹಿರಿಯ ಫೌಸ್ಟೀನಾಳ ಹೆಸರಿನ ಮುಂದೆ 'ದೀವಾ' ಎಂದಿದ್ದರೆ ಅದು ಅವಳು ತೀರಿಕೊಂಡು ದೇವತೆಯಾದ ಮೇಲಿನ ನಾಣ್ಯ. ಸತ್ತದ್ದು ಕ್ರಿ.ಶ. 140ರ ಸುಮಾರಿಗೆ, ಗಂಡ, ಚಕ್ರವರ್ತಿ ಆಂಟೊನೈನಸ್ ಪಯಸ್ 161ರವರೆಗೆ ಬದುಕಿದ, ಅವಳ ನಾಣ್ಯ ಟಂಕಿಸುತ್ತಲೇ ಇದ್ದ. ಅವಳಿಗಾಗಿ ಕಟ್ಟಿಸಿದ ಗುಡಿಯ ಕಂಬಗಳು ರೋಮಿನ ಫೋರಂನಲ್ಲಿ ಇಂದಿಗೂ ನಿಂತಿವೆ.

ಹಾಗೆಂದು ನಾಣ್ಯ ಹೇಳಿದ್ದನ್ನೆಲ್ಲ ನಂಬಬೇಡ. ಅದು ಅರಮನೆಯ ಮಾತು. ಹಿರಿಯ ಫೌಸ್ಟೀನಾಳ ಮಗಳು, ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ಹೆಂಡತಿ ಕಿರಿಯ ಫೌಸ್ಟೀನಾ, ಕನಿಷ್ಠ 12 ಮಕ್ಕಳನ್ನು ಹೆತ್ತಳು. ಅವಳ ನಾಣ್ಯಗಳಲ್ಲಿ ಸಂತಾನದ ದೇವತೆ ಕಂಕುಳಲ್ಲೂ ಕಾಲಬಳಿಯಲ್ಲೂ ಮಕ್ಕಳನ್ನಿಟ್ಟುಕೊಂಡು ನಗುನಗುತ್ತ ನಿಂತಿದ್ದಾಳೇನೋ ಅನಿಸುತ್ತದೆ. 161ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದಾಗ, ಸಿಂಹಾಸನದ ಮೇಲೆ ಎರಡು ಕೂಸುಗಳನ್ನು ಕೂರಿಸಿ 'ಯುಗದ ಸೌಭಾಗ್ಯ' ಎಂದು ಬರೆಸಿದರು. ಅವರಲ್ಲೊಬ್ಬ ನಾಲ್ಕು ವರ್ಷಕ್ಕೇ ತೀರಿಕೊಂಡ. ಉಳಿದವನು ಕೊಮೊಡಸ್, ಅವನ ಆಳ್ವಿಕೆ ಎಂಥ ಸೌಭಾಗ್ಯವೆಂದು ರೋಮನರಿಗೇ ಗೊತ್ತು. ತಾಯಿಯ ದುಃಖಕ್ಕೆ ಯಾವ ಟಂಕಸಾಲೆಯೂ ಅಚ್ಚು ಕೊರೆಯಲಿಲ್ಲ. ಅದಕ್ಕೇ ನಾಣ್ಯದ ಜೊತೆ ಚರಿತ್ರೆಯ ಪುಸ್ತಕವನ್ನೂ ಕೊಳ್ಳು, ಮೊದಲು ಪುಸ್ತಕ.

ವ್ಯಾಪಾರಿಯ ಮಾತನ್ನೂ ಕಣ್ಣುಮುಚ್ಚಿ ನಂಬಬೇಡ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿದೆ, ಅದು ಬೆಳ್ಳಿಯದು. ಅವನ ಬೆಳ್ಳಿ ನಾಣ್ಯಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕೂತಿರುವ ಹೆಂಗಸನ್ನು ಹಲವರು ಅವನ ತಾಯಿ ಲಿವಿಯಾ ಎನ್ನುತ್ತಾರೆ, ಕೆಲವರು ಶಾಂತಿದೇವತೆ ಎನ್ನುತ್ತಾರೆ. ಹೆಸರಂತೂ ಬರೆದಿಲ್ಲ. ಯಾವನಾದರೂ ವ್ಯಾಪಾರಿ 'ಖಂಡಿತ ಲಿವಿಯಾ' ಎಂದು ದುಪ್ಪಟ್ಟು ಕೇಳಿದರೆ, ನಕ್ಕು ಎದ್ದು ಬಾ.