ಸೋಲಾರ್ ಬೆಳೆದರೂ ಸೂಚ್ಯಂಕ ಇಳಿಯುವುದೇಕೆ?

ಷೇರು ವಿನಿಮಯ ಕೇಂದ್ರದ ಪಾಠ ಓದಿದ ನಮಗೆಲ್ಲ ಸೆನ್ಸೆಕ್ಸ್ ಗೊತ್ತು: 30 ಕಂಪನಿಗಳು, 1978-79ನೇ ಸಾಲನ್ನು 100 ಎಂದು ಹಿಡಿದ ಲೆಕ್ಕ. ಒಂದೇ ಉದ್ಯಮದ ಕಂಪನಿಗಳನ್ನು ಸೇರಿಸಿಯೂ ಸೂಚ್ಯಂಕ ಮಾಡುತ್ತಾರೆ. ಸೌರಶಕ್ತಿಗೆ ಇರುವ ಅಂಥದ್ದೊಂದು ಮ್ಯಾಕ್ ಗ್ಲೋಬಲ್ ಸೋಲಾರ್ ಎನರ್ಜಿ ಸೂಚ್ಯಂಕ. ಬೇರೆ ಬೇರೆ ದೇಶಗಳ ಸೋಲಾರ್ ಕಂಪನಿಗಳು ಇದರಲ್ಲಿವೆ. ಇದನ್ನೇ ಅನುಸರಿಸಿ ಹಣ ಹೂಡುವ ಟ್ಯಾನ್ ಎಂಬ ನಿಧಿ 2008ರಿಂದ ಅಮೆರಿಕದ ಪೇಟೆಯಲ್ಲಿದೆ.

ಇಂಥ ಸೂಚ್ಯಂಕದಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ತೂಕ ಇರುವುದಿಲ್ಲ. ಮಾರುಕಟ್ಟೆ ಮೌಲ್ಯ ದೊಡ್ಡದಿದ್ದರೆ ತೂಕವೂ ದೊಡ್ಡದು. ಮೂರು ಕಂಪನಿಗಳ ಮೌಲ್ಯ 600, 300, 100 ಕೋಟಿ ಎಂದುಕೊಳ್ಳಿ. ಒಟ್ಟು 1000 ಕೋಟಿ, ಸೂಚ್ಯಂಕ 100. ಮೊದಲನೆಯದು ಶೇ. 20 ಇಳಿಯಿತು, ಉಳಿದೆರಡು ಶೇ. 10 ಏರಿದವು. ಈಗ 480, 330, 110, ಒಟ್ಟು 920. ಎರಡು ಕಂಪನಿ ಏರಿದರೂ ಸೂಚ್ಯಂಕ 92ಕ್ಕೆ ಬಂತು.

ಇದೆಲ್ಲ ನಾನು ಓದಿದ್ದು ನಮ್ಮ ಮಾಮೂಗಾಗಿ. 2025ರ ನವೆಂಬರ್‌ನಲ್ಲಿ ಬೆಂಗಳೂರಿನದೇ ಆದ ಎಮ್‌ವೀ ಕಂಪನಿಯ ಷೇರು ಪೇಟೆಗೆ ಬಂದಾಗಿನಿಂದ ಅವರಿಗೆ ಸೋಲಾರ್ ಹುಚ್ಚು. ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಸೋಲಾರ್ ಷೇರುಗಳಿಗೆ ಹಾಕುವ ಯೋಚನೆ. "ಚಂದ್ರಾ ಲೇಔಟ್‌ನಲ್ಲಿ ಯಾವ ತಾರಸಿ ನೋಡಿದರೂ ಸೋಲಾರ್ ಇದೆ ಬೇಟಾ, ಇದು ಇಳಿಯೋದು ಹೇಗೆ?" ಎನ್ನುತ್ತಾರೆ. (ಆ ತಾರಸಿಗಳಲ್ಲಿ ಹೆಚ್ಚಿನವು ನೀರು ಕಾಯಿಸುವ ಸೋಲಾರ್, ಅದು ಬೇರೆ ಮಾತು.)

ಇಳಿದದ್ದು ಹೀಗೆ. 2020ರಲ್ಲಿ ಟ್ಯಾನ್ ಒಂದೇ ವರ್ಷದಲ್ಲಿ ಮೂರು ಪಟ್ಟಿಗೂ ಮೇಲೆ ಹೋಯಿತು. ಆಮೇಲೆ 2021, 2022, 2023, 2024, ನಾಲ್ಕು ವರ್ಷವೂ ಇಳಿಯಿತು. ಅದೇ ವರ್ಷಗಳಲ್ಲಿ ಜಗತ್ತಿನಲ್ಲಿ ಹೊಸದಾಗಿ ಹಾಕಿದ ಸೋಲಾರ್ ಫಲಕಗಳು ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚು!

ನನಗೆ ಅರ್ಥವಾದ ಕಾರಣ ಎರಡು. ಚೀನಾದ ಕಾರ್ಖಾನೆಗಳು ಬೇಡಿಕೆಗಿಂತ ಹೆಚ್ಚು ಫಲಕ ತಯಾರಿಸಿದವು, ಬೆಲೆ ಕುಸಿಯಿತು. ಕೊಳ್ಳುವವರಿಗೆ ಲಾಭ, ತಯಾರಕರಿಗೆ ನಷ್ಟ. ಸೂಚ್ಯಂಕ ನೋಡುವುದು ತಯಾರಕರ ಕಡೆ. ಇನ್ನೊಂದು ಬಡ್ಡಿ. ನಮ್ಮ ಮನೆಯಲ್ಲಿ ಬಡ್ಡಿ ಎಂದರೆ ದೊಡ್ಡವರು ಮುಖ ತಿರುಗಿಸಲು ಬೇರೆ ಕಾರಣವಿದೆ, ಇಲ್ಲಿರುವುದು ಬರೀ ಲೆಕ್ಕ. ಕಲ್ಲಿದ್ದಲು ಘಟಕಕ್ಕೆ ದಿನವೂ ಇಂಧನದ ಖರ್ಚು. ಸೋಲಾರ್‌ಗೆ ಬಿಸಿಲು ಪುಕ್ಕಟೆ, ಆದರೆ ಖರ್ಚೆಲ್ಲ ಮೊದಲ ದಿನವೇ, ಅದೂ ಹೆಚ್ಚಾಗಿ ಸಾಲದಲ್ಲಿ. ಅಮೆರಿಕದ ಕೇಂದ್ರ ಬ್ಯಾಂಕ್ 2022ರ ಆರಂಭದಲ್ಲಿ ಸೊನ್ನೆಯ ಹತ್ತಿರವಿದ್ದ ಬಡ್ಡಿ ದರವನ್ನು 2023ರ ಹೊತ್ತಿಗೆ ಶೇ. 5ರ ಮೇಲೆ ಒಯ್ದಾಗ ಈ ಕಂಪನಿಗಳಿಗೆ ಪೆಟ್ಟು ಬಿತ್ತು.

ಅಂದರೆ ಸೂಚ್ಯಂಕ ಅಳೆಯುವುದು ಬಿಸಿಲನ್ನಲ್ಲ, ವಿದ್ಯುತ್ತನ್ನೂ ಅಲ್ಲ. ಕಂಪನಿಗಳ ಲಾಭದ ಬಗ್ಗೆ ಪೇಟೆಗೆ ಇರುವ ನಿರೀಕ್ಷೆಯನ್ನು ಅಳೆಯುತ್ತದೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಆ ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. 2020ರಲ್ಲಿ ಟ್ಯಾನ್ ಮೂರು ಪಟ್ಟಾದಾಗ ಆ ಗುತ್ತಿಗೆ ಹಣ ಮೂರು ಪಟ್ಟಾಗಲಿಲ್ಲ, ಟ್ಯಾನ್ ಬಿದ್ದಾಗ ಕಡಿಮೆಯೂ ಆಗಲಿಲ್ಲ. ಮಾಮೂ ಕೊಳ್ಳಬೇಕೆಂದಿರುವುದು ಇಂಥ ಗುತ್ತಿಗೆಯನ್ನಲ್ಲ, ಷೇರನ್ನು. ಮದುವೆ ಮುಂದಿನ ವರ್ಷ ಇದೆ.