ಕಾರಣವಿಲ್ಲದೆ ಏರುವ ತೂಕವೂ ಥೈರಾಯ್ಡ್ ಪರೀಕ್ಷೆಯೂ

ಊಟ ಹೆಚ್ಚಿಲ್ಲ, ಕೆಲಸ ಕಡಿಮೆಯಾಗಿಲ್ಲ. ಆದರೂ ಕುಪ್ಪಸ ಬಿಗಿಯಾಗುತ್ತದೆ, ಬಳೆ ಏರುವುದಿಲ್ಲ, ಮುಖ ಊದಿದಂತೆ ಕಾಣುತ್ತದೆ. "ಸ್ವಲ್ಪ ಬಾಯಿ ಕಟ್ಟವ್ವಾ" ಎಂದು ಅತ್ತೆ ಹೇಳುತ್ತಾರೆ; ನೆರೆಯವರು ಉಪವಾಸ ಸೂಚಿಸುತ್ತಾರೆ. ಆಕೆಯಾದರೋ ಮೊದಲೇ ದಣಿದಿರುತ್ತಾಳೆ. ಇಂಥವರನ್ನು ಹೊಟ್ಟೆಬಾಕರೆಂದು ಹಂಗಿಸುವ ಮೊದಲು ಮಾಡಿಸತಕ್ಕ ರಕ್ತಪರೀಕ್ಷೆಯೊಂದಿದೆ.

ಥೈರಾಯ್ಡ್ ಎಂಬುದು ಕೊರಳಿನ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಅದು ಅಯೋಡಿನ್ ಬಳಸಿ ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ದೇಹದ ಒಲೆ ಎಷ್ಟು ಉರಿಯಬೇಕೆಂಬುದು ಈ ರಸವನ್ನು ಅವಲಂಬಿಸಿದೆ. ರಸ ಕಡಿಮೆಯಾದರೆ ಚಳಿ ತಡೆಯದು, ಮಲಬದ್ಧತೆ, ಒಣ ಚರ್ಮ, ಕೂದಲುದುರುವಿಕೆ, ಮುಟ್ಟಿನ ಏರುಪೇರು, ಮರೆವು, ಜಡತ್ವ, ಜೊತೆಗೆ ತೂಕ.

ಪರೀಕ್ಷೆಯ ಹೆಸರು ಟಿ.ಎಸ್.ಎಚ್. ಇದು ಥೈರಾಯ್ಡಿನ ರಸವೇ ಅಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ಗಿರಣಿಯಲ್ಲಿ ನೂಲಿನ ಖಾತೆಯಿಂದ ಮಾಲು ಬಾರದಿದ್ದರೆ ಹೆಡ್ಡಾಫೀಸಿನ ಜ್ಞಾಪನಪತ್ರಗಳು ಒಂದರ ಮೇಲೊಂದು ಬರುತ್ತವಷ್ಟೆ! ಹಾಗೆಯೇ ರಸ ಕಡಿಮೆಯಾದಷ್ಟೂ ಟಿ.ಎಸ್.ಎಚ್. ಏರುತ್ತದೆ. ಆದ್ದರಿಂದ ಅಂಕೆ ಹೆಚ್ಚಿದ್ದರೆ ಸಾಮಾನ್ಯವಾಗಿ ಗ್ರಂಥಿಯ ಕೆಲಸ ತಗ್ಗಿದೆಯೆಂದು ಅರ್ಥ. ಅನೇಕರು ಇದನ್ನು ತಿರುಗುಮುರುಗಾಗಿ ತಿಳಿಯುತ್ತಾರೆ. ವಯಸ್ಕರಲ್ಲಿ ಸುಮಾರು 0.4ರಿಂದ 4 ಅಥವಾ 5ರವರೆಗೆ ಸರಿ. ಗರ್ಭಿಣಿಯರ ಲೆಕ್ಕ ಬೇರೆ. ಸ್ವಲ್ಪವೇ ಏರಿದ್ದರೆ ವೈದ್ಯರು ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ, ಫ್ರೀ ಟಿ4 ಕೂಡ ಅಳೆಯಿಸುತ್ತಾರೆ. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುವವರು ಮೊದಲೇ ತಿಳಿಸಬೇಕು. ಅದು ಕೆಲವು ಪರೀಕ್ಷೆಗಳ ಲೆಕ್ಕ ಕೆಡಿಸುತ್ತದೆ.

ನಮ್ಮ ದೇಶದಲ್ಲಿ ಹಿಂದೆ ಅಯೋಡಿನ್ ಕೊರತೆಯೇ ದೊಡ್ಡ ಚಿಂತೆ. ಡಾ. ವಿ. ರಾಮಲಿಂಗಸ್ವಾಮಿ ಮೊದಲಾದವರು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುವುದೆಂದು ತೋರಿಸಿತು. 1962ರಲ್ಲಿ ಸರಕಾರದ ಕಾರ್ಯಕ್ರಮ ಬಂತು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಈಗ ಮುಖ್ಯ ಕಾರಣ, ಜಪಾನಿನ ವೈದ್ಯ ಹಾಶಿಮೋಟೊ 1912ರಲ್ಲಿ ವಿವರಿಸಿದ ರೋಗ. ಇದರಲ್ಲಿ ದೇಹದ ಕಾವಲುಪಡೆಯೇ ಗ್ರಂಥಿಯ ಮೇಲೆ ಬೀಳುತ್ತದೆ. ಹೆಚ್ಚು ಉಪ್ಪು ತಿಂದರೆ ಇದು ವಾಸಿಯಾಗದು.

ಇನ್ನು ಕೆಲವರಿಗೆ ರುಚಿಸದ ಮಾತು. ರಸದ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ. ಅದರಲ್ಲಿಯೂ ಹೆಚ್ಚಿನ ಪಾಲು ದೇಹದಲ್ಲಿ ನಿಂತ ಉಪ್ಪು-ನೀರು. ಹದಿನೈದು ಕಿಲೋ ಏರಿದವರು ಎಲ್ಲ ಹೊಣೆಯನ್ನೂ ಈ ಪುಟ್ಟ ಗ್ರಂಥಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಸ್ಟೀರಾಯ್ಡ್ ಔಷಧಿ, ಕೆಲವು ಮನೋರೋಗದ ಗುಳಿಗೆಗಳು, ಅಂಡಾಶಯದ ತೊಂದರೆ, ನಿದ್ರೆಗೇಡು, ಇವನ್ನೂ ವೈದ್ಯರು ವಿಚಾರಿಸಬೇಕಾಗುತ್ತದೆ. ಗ್ರಂಥಿ ಸರಿಯಿದ್ದವರು ತೆಳ್ಳಗಾಗಲೆಂದು ಪಕ್ಕದ ಮನೆಯವರ ಥೈರಾಯ್ಡ್ ಗುಳಿಗೆ ನುಂಗುವುದಂತೂ ಶುದ್ಧ ಅಪಾಯ. ಎದೆಬಡಿತ ಕೆಡುತ್ತದೆ, ಮೂಳೆ ಸವೆಯುತ್ತದೆ.

ನಿಗಡಿಯವರಿಗೆ ಪಿಂಪರಿಯಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವ್ಹಾಣ ಸ್ಮಾರಕ ಆಸ್ಪತ್ರೆಯಿದೆ. ಮೊದಲು ವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟಂತೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಗುಳಿಗೆ ಬೇಕೆಂದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ಚಹಾ ಅರ್ಧದಿಂದ ಒಂದು ತಾಸು ಕಾಯಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ನಾಲ್ಕು ತಾಸು. ಈ ರಸ ರಕ್ತದಲ್ಲಿ ನಿಧಾನವಾಗಿ ನೆಲೆಗೊಳ್ಳುವುದರಿಂದ ಮರುಪರೀಕ್ಷೆ ಆರರಿಂದ ಎಂಟು ವಾರಗಳ ನಂತರ; ಹಳೆಯ ವರದಿಯನ್ನೂ ಜೊತೆಗೆ ಒಯ್ಯಿರಿ.