ಎಲೆ ಮಗುಚಿ ನೋಡಿ

ಕಾಫಿ ನಿತ್ಯಹರಿದ್ವರ್ಣದ ಗಿಡ. ಅದು ಬೋಳಾಗ್ತಿದ್ರೆ ಏನೋ ಎಡವಟ್ಟಾಗಿದೆ ಅಂತರ್ಥ. ರಜೆಯಲ್ಲಿ ಆಲ್ದೂರಿನ ನಮ್ಮ ತೋಟದಲ್ಲಿ ಎಲೆ ಮೇಲಿನ ಹಳದಿ ಚುಕ್ಕೆ ನೋಡಿ "ಗೊಬ್ಬರ ಸಾಲ್ತಿಲ್ಲ" ಅಂದೆ. ದೊಡ್ಡಪ್ಪ ಎಲೆ ಮಗುಚಿ "ಉಜ್ಜಿ ನೋಡು" ಅಂದ್ರು. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟಿತು. ಗೊಬ್ಬರದ ಕೊರತೆಗೆ ಎಲೆ ಹಳದಿಯಾಗುತ್ತೆ, ಪುಡಿ ಬರಲ್ಲ. ಇದು ಎಲೆ ತುಕ್ಕು ರೋಗ. ಶ್ರೀಲಂಕಾದ ಕಾಫಿ ತೋಟಗಳನ್ನ ಹಾಳುಮಾಡಿ, ಅಲ್ಲಿ ಟೀ ಬೆಳೆಯೋ ಹಾಗೆ ಮಾಡಿದ್ದು ಇದೇ ಶಿಲೀಂಧ್ರ!

ಮೊದಲು ಗಿಡ ಯಾವುದು ಅಂತ ಗುರುತಿಸಿ. ಅರೇಬಿಕಾ ಎಲೆ ಚಿಕ್ಕದು, ಕಡು ಹಸಿರು, ಮಿರಿಮಿರಿ ಮಿಂಚುತ್ತೆ. ರೋಬಸ್ಟಾ ಎಲೆ ದೊಡ್ಡದು, ತಿಳಿ ಹಸಿರು, ಸುಕ್ಕು ಜಾಸ್ತಿ. ತುಕ್ಕು ಹೆಚ್ಚು ಕಾಡೋದು ಅರೇಬಿಕಾವನ್ನ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದಾಗಿಂದ ತುಕ್ಕು ತಡೆಯೋ ತಳಿ ಹುಡುಕ್ತಾನೇ ಇದೆ.

ಕಾಫಿ ಎಲೆಯ ಪತ್ರರಂಧ್ರಗಳು ಇರೋದು ಅಡಿಭಾಗದಲ್ಲಿ. ಎಲೆ ಒದ್ದೆಯಾಗಿದ್ದಾಗ ಶಿಲೀಂಧ್ರ ಒಳಗೆ ನುಗ್ಗೋದು ಅಲ್ಲಿಂದ, ಪುಡಿಯಾಗಿ ಹೊರಗೆ ಬರೋದೂ ಅಲ್ಲಿಂದಲೇ. ಅದಕ್ಕೇ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನ ಮಳೆಗೆ ಮುಂಚೆಯೇ ಎಲೆಯಡಿಗೆ ಬೀಳೋ ಹಾಗೆ ಹೊಡೀಬೇಕು. ನಮ್ಮ ತೋಟದಲ್ಲಿ ಆ ವರ್ಷ ಮೇಲಿಂದಷ್ಟೇ ಹೊಡೆದಿದ್ರಂತೆ. ಎಲೆ ಉದುರಿದ ರೆಕ್ಕೆಗಳು ತುದಿಯಿಂದ ಒಣಗಿದ್ವು. ಮುಂದಿನ ವರ್ಷದ ಹೂ ಬರಬೇಕಾಗಿದ್ದದ್ದು ಅವುಗಳ ಮೇಲೇ.